ನೇರಳೆ ರೆಪ್ಪೆ

"ಎತ್ತೇ ಕೈನ! ಕಂಕುಳಲ್ಲಿ ಏನು ಬಚ್ಚಿಟ್ಕೊಂಡಿದೀಯ, ಕಳ್ಮುಂಡೆ?"

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಹೆಂಗಸರು ದಿನಾ ಸಂಜೆ ಗೇಟಿನ ಹತ್ತಿರ ಎರಡೂ ಕೈ ಎತ್ತಿ, ಮೈ ತಡವಿಸಿಕೊಂಡೇ ಮನೆಗೆ ಹೋಗಬೇಕು. ಇಪ್ಪತ್ತು ವರ್ಷ ಒದ್ದೆ ಬಟ್ಟೆಯನ್ನು ಎತ್ತರದ ಹಗ್ಗಕ್ಕೆ ಎಸೆದೆಸೆದು ಗಟ್ಟಿಗಿತ್ತಿ ಎಂದು ಹೆಸರಾದವಳಿಗೆ ಈಗ ಕೈ ಹೆಗಲಿನಿಂದ ಮೇಲೇಳದು. ತಲೆ ಬಾಚಲಿಕ್ಕೂ ಸೊಸೆ ಬೇಕು. ಕಣ್ಣಿನ ರೆಪ್ಪೆಗಳು ನೇರಳೆಗೆ ತಿರುಗಿದ್ದವು.

"ಏಳಲ್ಲ ಸಾರ್."

"ಕಣ್ಣಿಗೆ ಬಣ್ಣ ಬಳ್ಕೊಳ್ಳೋಕೆ ಮಾತ್ರ ಏಳುತ್ತೇನೇ?" ಸೂಪರ್‌ವೈಸರ್ ಕಂಕುಳು ತಡವುತ್ತಾ ನಕ್ಕ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಮಾಂಸಖಂಡಗಳಿಗೆ ಉರಿಯೂತ, ರೆಪ್ಪೆಯ ನೇರಳೆಯೂ ಅದರದೇ ಗುರುತು, ಈ ಜಾಡ್ಯ ಕೆಲವರಲ್ಲಿ ಕ್ಯಾನ್ಸರನ್ನೂ ಜೊತೆಗೆ ಕರೆತರುತ್ತದೆ. ಹುಡುಕಿದಾಗ ಅಂಡಾಶಯದಲ್ಲಿ ಸಿಕ್ಕಿತ್ತು. ಸೋಮವಾರ ಆಪರೇಷನ್. ರಜೆಗೆ ಸೂಪರ್‌ವೈಸರ್ ಸಹಿ ಹಾಕದಿದ್ದರೆ ಕೆಲಸವೂ ಹೋಯಿತು, ಕಾರ್ಖಾನೆ ಕೊಡುವ ಚಿಕಿತ್ಸೆಯ ಖರ್ಚೂ ಹೋಯಿತು.

"ರೋಗ ಅಲ್ಲ ಇದು, ಮೈಗಳ್ಳತನ," ಎಂದು ಅವನು ಅರ್ಜಿಯನ್ನು ಮೂರನೆಯ ಸಲ ನೆಲಕ್ಕೆಸೆದ.

ಅರ್ಜಿ ಎತ್ತಿಕೊಟ್ಟವಳು ಬಣ್ಣದ ತೊಟ್ಟಿಯಲ್ಲಿ ಕೆಲಸ ಮಾಡುವ ಕುಳ್ಳಿ.

"ಬಣ್ಣ ಅಂದ್ನಲ್ಲಕ್ಕಾ ಅವ್ನು. ನಮ್ ತೊಟ್ಟೀಲೇನು ಬಣ್ಣಕ್ಕೆ ಬರಗಾಲನಾ?"

ಮರುದಿನ ಸಂಜೆ ಗೇಟಿನಲ್ಲಿ ಅವಳ ಹಿಂದೆ ನಲವತ್ತು ಹೆಂಗಸರು ಸಾಲಾಗಿ ನಿಂತರು. ಎಲ್ಲರ ರೆಪ್ಪೆಯೂ ನೇರಳೆ.

"ಕೈ ಎತ್ರೇ!"

"ಏಳಲ್ಲ ಸಾರ್!"

ಅವನ ಮುಖ ಬಿಳಿಚಿಕೊಂಡಿತು. "ಏನ್ರೇ ಇದು?"

"ನೀವೇ ಹೇಳಿದ್ರಲ್ಲ, ಮೈಗಳ್ಳತನ," ಎಂದಳು ಕುಳ್ಳಿ. "ಅಕ್ಕಂದು ನಮಗೂ ಅಂಟ್ಕೊಂಡಿರ್ಬೇಕು. ನಿನ್ನೆ ನೀವೂ ಅಕ್ಕನ ಕಂಕುಳು ತಡವಿದ್ರಿ, ಅಲ್ವಾ?"

ಸೂಪರ್‌ವೈಸರ್ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ. ಆಮೇಲೆ ತನ್ನ ರೆಪ್ಪೆ ಮುಟ್ಟಿ ನೋಡಿಕೊಂಡ. ಇದು ಅಂಟುವ ರೋಗವಲ್ಲವೆಂದು ಗಟ್ಟಿಗಿತ್ತಿಗೆ ಚೆನ್ನಾಗಿ ಗೊತ್ತು. ಹೇಳಲು ಅವಳಿಗೇನು ಹುಚ್ಚೇ?

"ಆಸ್ಪತ್ರೆಗೆ ಹೋಗ್ಲಾ ಸಾರ್?" ಎಂದು ಅವಳು ಅರ್ಜಿ ಮುಂದೆ ಹಿಡಿದಳು. "ಇಲ್ಲಾಂದ್ರೆ ನಾಳೆನೂ ಇಲ್ಲೇ ಬಂದು ನಿಮ್ ಮುಂದೆ ನಿಲ್ತೀನಿ."

ಅವನು ಉಸಿರು ಬಿಗಿಹಿಡಿದು ಸಹಿ ಗೀಚಿದ. "ತೊಲಗು!"

ಅರ್ಜಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಗೇಟು ದಾಟಿದಳು. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಸೋಮವಾರದ ಭಯ ಹಾಗೇ ಇತ್ತು. ತಿರುಗಿ ನೋಡಿದಳು. ಕೈ ಬೀಸೋಣವೆಂದರೆ ಕೈ ಏಳಲಿಲ್ಲ.

ಒಳಗೆ ನಲವತ್ತು ಜೊತೆ ಕೈಗಳು ಒಮ್ಮೆಲೇ ಮೇಲೆದ್ದವು.

"ಬಾರೋ, ಈಗ ತಡವು ಬಾರೋ!" ಎಂದು ಕುಳ್ಳಿ ಕೂಗಿದಳು.

ಅವನು ಹತ್ತಿರ ಬರಲಿಲ್ಲ.