ಗದಗಿಗೆ ಹೋಗದ ಬರ್ಫಿ

"ಇಲ್ಲಿ ನೋಡು. ಇದರಾಗ ನಿನ್ನ ಹೆಸರ ಐತಿ," ಎಂದು ನರಹರಿ ಮೊಬೈಲನ್ನು ಹೆಂಡತಿಯ ಮುಂದೆ ಹಿಡಿದ. ಪ್ರಭಾ ಮೊಬೈಲಿನತ್ತ ತಿರುಗಲಿಲ್ಲ. ತವೆಯ ಮೇಲಿನ ಚಪಾತಿಯನ್ನು ಮಗುಚಿ ಹಾಕಿದಳು.

ಮನೀಶ್ ನಗರದ ಫ್ಲ್ಯಾಟಿಗೆ ಮುಂಗಡ ಕೊಟ್ಟಾಗಿತ್ತು. ನರಹರಿಯ ನಿವೃತ್ತಿ ಹತ್ತಿರ ಬಂದಿತ್ತು, ಆಮೇಲೆ ಈ ಮರಾಠಿ ಊರಿನ ರೈಲ್ವೆ ಕ್ವಾರ್ಟರ್ಸ್ ಬಿಡಲೇಬೇಕು. ಅವನೊಬ್ಬನ ಪಗಾರಿನ ಮೇಲೆ ಅಷ್ಟು ಸಾಲ ಹುಟ್ಟುವುದಿಲ್ಲವೆಂದು ಖಾಸಗಿ ಶಾಲೆಯಲ್ಲಿ ಕಲಿಸುವ ಪ್ರಭಾಳನ್ನೂ ಅರ್ಜಿಗೆ ಸೇರಿಸಿದ್ದರು. ಬ್ಯಾಂಕಿನವರು ಅವಳ ಕ್ರೆಡಿಟ್ ರಿಪೋರ್ಟ್ ತೆಗೆಸಿದರೆ ಅದರಲ್ಲಿ ಊರ ಹಳೆಯ ಪೇಟೆ ಮಹಾಲಿನ ಯಾವುದೋ ಫೈನಾನ್ಸ್ ಕಂಪನಿಯ ಹಳೆಯ ಸಾಲ ಬಂದು ಕೂತಿತ್ತು. ಲಾಕ್‌ಡೌನಿನಲ್ಲಿ ಕಂತು ನಿಂತು, ವಸೂಲಾಗದ ಬಾಕಿ ಎಂಬ ಷರಾ ಬಿದ್ದಿತ್ತು. ದೀಪಾವಳಿಯೊಳಗೆ ಅದು ಚುಕ್ತಾ ಆದ ಪತ್ರ ತಾರದಿದ್ದರೆ ಮನೆಸಾಲ ಇಲ್ಲ, ಮುಂಗಡವನ್ನು ಬಿಲ್ಡರ್ ನುಂಗಿದ ಹಾಗೆಯೇ. "ಅರ್ಧ ಕಟ್ಟಿದರೆ ಸಾಕು, ಸೆಟಲ್ ಮಾಡ್ತೀವಿ ಅಂತಾರೆ, ಒಪ್ಪಬೇಡಿ. ಆ ಕಲೆ ರಿಪೋರ್ಟಿನಲ್ಲಿ ಉಳಿದುಬಿಡುತ್ತೆ," ಎಂದೂ ಬ್ಯಾಂಕಿನವನು ಹೇಳಿ ಕಳಿಸಿದ್ದ.

"ಯಾರ ಸಲುವಾಗಿ ತಗೊಂಡಿ?"

"ಮನೀ ಸಲುವಾಗಿ."

"ಯಾರ ಮನೀ?"

ಪ್ರಭಾ ತವೆ ಇಳಿಸಿದಳು. "ಚಪಾತಿ ಆರತಾವ. ಉಣ್ರಿ," ಎಂದಳು.

ಸಂಶಯ ಪಡುವುದನ್ನು ನರಹರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಕೂತು ಊರವರ ಗಂಟುಮೂಟೆಯನ್ನೆಲ್ಲ ಎರಡೆರಡು ಸಲ ತೂಗಿಸಿದ ಆಸಾಮಿ ಅವನು. ಈಗ ಹೆಂಡತಿಯನ್ನು ತೂಗತೊಡಗಿದ. ಲಾಕ್‌ಡೌನಿನಲ್ಲಿ ರೇಂಜ್ ಬರೋಬರ್ ಇಲ್ಲವೆಂದು ಇವಳು ಸಿಮ್ ಬದಲಿಸಿದ್ದೇಕೆ? ಅದಕ್ಕೂ ಮೊದಲು ಫೋನ್ ಬಂದರೆ ಗ್ಯಾಲರಿಗೆ ಹೋಗಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳಲ್ಲ, ಯಾರ ಕೂಡ? ಸಾಲ ತೆಗೆದ ವರ್ಷವೇ ಇವಳ ತಮ್ಮ ಗಿರಿಧರ ಪ್ರತಾಪ ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ತೆರೆದಿದ್ದ. ಅಲ್ಲಿಗೆ ಲೆಕ್ಕ ತಾಳೆಯಾಯಿತು.

"ನಮ್ಮ ಗುಂಡಪ್ಪಣ್ಣನ್ನ ನೋಡು," ಎಂದ ತಾಟಿನ ಮುಂದೆ ಕೂತು. "ಅವ್ವ ಬಚ್ಚಲದಾಗ ಬಿದ್ದು ಸೊಂಟ ಮುರಕೊಂಡಾಗ ಗದಗಿನಿಂದ ರೊಕ್ಕ ಕಳಿಸಿದ. ಒಂದ ಮಾತು ಆಡಿ ತೋರಿಸಿಲ್ಲ. ನಿಮ್ಮ ತಮ್ಮ ಅಕ್ಕನ ಹೆಸರು ಕೆಡಿಸಿ ಕೂತಾನ."

"ಅವನ್ನ ನಡುವ ತರಬ್ಯಾಡ್ರಿ."

ನರಹರಿ ತಂದೇ ತಂದ. ಮರುದಿನವೇ ಅಂಗಡಿಗೆ ಹೋಗಿ ಗಿರಾಕಿಗಳ ಎದುರಿಗೇ ಕೇಳಿದ. ಗಿರಿಧರ ಕೈಯಲ್ಲಿದ್ದ ಮೊಬೈಲನ್ನು ಕೆಳಗಿಟ್ಟು, "ಭಾವಾಜಿ, ನಿಮ್ಮ ಮನ್ಯಾಗ ಚಹಾ ಬಿಟ್ಟರ ನಾ ಏನೂ ತಗೊಂಡಿಲ್ಲ. ಇನ್ನ ಅದನ್ನೂ ತಗೊಳ್ಳೂದಿಲ್ಲ," ಎಂದ. ಸಿಕ್ಕಿಬಿದ್ದವರೇ ಇಷ್ಟು ರೋಷ ತೋರಿಸುವುದು ಎಂದುಕೊಂಡು ನರಹರಿ ಹೊರಬಿದ್ದ.

ಶನಿವಾರ ಸ್ಕೂಟರಿನಲ್ಲಿ ಮಹಾಲಿಗೆ ಹೋದ. ಮೊದಲು ಮಿಠಾಯಿ ಅಂಗಡಿಯಲ್ಲಿ ಕಿತ್ತಳೆಯ ಸಂತ್ರಾ ಬರ್ಫಿಯ ಡಬ್ಬಿ ಕಟ್ಟಿಡಲು ಹೇಳಿದ. ಅವ್ವನ ಆಪರೇಷನ್ ಆದಾಗಿನಿಂದ ಪ್ರತಿ ದೀಪಾವಳಿಗೆ ಒಂದು ಡಬ್ಬಿ ಗದಗಿಗೆ ಹೋಗುತ್ತಿತ್ತು. ಅವ್ವ ತೀರಿಕೊಂಡ ಮೇಲೂ ತಪ್ಪಿರಲಿಲ್ಲ. ಅಣ್ಣನ ಪಾಲಿನದು ಎಂದು ಅದರಲ್ಲಿ ಒಂದು ತುಂಡನ್ನೂ ನರಹರಿ ಮನೆಯಲ್ಲಿ ಮುಟ್ಟಗೊಡುತ್ತಿರಲಿಲ್ಲ. ಗುಂಡಪ್ಪ ತಿಂದು ಮುಗಿಸಿ ಫೋನ್ ಮಾಡುತ್ತಿದ್ದ. ಹೋದ ಸಲ, "ಬರ್ಫಿ ಜರಾ ಗಟ್ಟಿ ಆಗಿತ್ತಪಾ," ಎಂದದ್ದು ಸ್ಪೀಕರಿನಲ್ಲಿ ಪ್ರಭಾಳಿಗೂ ಕೇಳಿಸಿತ್ತು.

ಫೈನಾನ್ಸ್ ಆಫೀಸು ಹಳೆಯ ವಾಡೆಯೊಂದರ ಮಹಡಿಯ ಮೇಲಿತ್ತು. ವಸೂಲಿಯ ಪವನ್ ಎಂಬ ಹುಡುಗ "ಬಸಾ ಸಾಹೇಬ" ಎಂದು ಕುರ್ಚಿ ತೋರಿಸಿ, ಮರಾಠಿಯಲ್ಲಿ ನಯವಾಗಿ ಶುರುಮಾಡಿದ. "ಅರ್ಧ ಕಟ್ಟಿಬಿಡಿ. ಇವತ್ತೇ ಸೆಟಲ್ ಮಾಡೋಣ."

ಇವನ ನಯದಲ್ಲೂ ಏನೋ ಮಸಲತ್ತು ಇದೆ ಎನ್ನಿಸಿತು ನರಹರಿಗೆ. "ಮೊದಲು ಈ ಹಣ ಯಾರ ಕೈಗೆ ಹೋಯಿತು ಹೇಳಿ. ಗಿರಿಧರ ಅಂತ ಒಬ್ಬ ಬಂದಿದ್ದನೇ?"

ಪವನ್ ಕಂಪ್ಯೂಟರ್ ನೋಡಿದ. "ಕೈಗೆ ಕೊಟ್ಟೇ ಇಲ್ಲ ಸಾಹೇಬ. ಇದು ಚಿಕಿತ್ಸೆಯ ಸಾಲ, ಆಸ್ಪತ್ರೆಗೇ ನೇರ ಹೋಗಿದೆ. ಪೇಷಂಟ್ ಗೌರಮ್ಮ. ಮ್ಯಾಡಮ್ಮಿನ ಅತ್ತೆ ಅಂತಿದೆ. ಮ್ಯಾಡಮ್ ತಾವೇ ಬಂದು ಕಟ್ಟುತ್ತಿದ್ದರಂತೆ. ಶಾಲೆ ಮುಚ್ಚಿ ಪಗಾರ ನಿಂತ ಮೇಲೆ ಬಿಟ್ಟರು, ಫೋನ್ ನಂಬರೂ ಬದಲಿಸಿದರು."

"ಸುಳ್ಳು. ಆ ಹಣ ನನ್ನ ಅಣ್ಣ ಕೊಟ್ಟದ್ದು."

ಪವನ್ ಕಂಪ್ಯೂಟರನ್ನು ಅವನತ್ತ ತಿರುಗಿಸಿದ. ಆಸ್ಪತ್ರೆಯ ಹೆಸರೂ ಅದೇ, ಆಪರೇಷನ್ನಿನ ತಿಂಗಳೂ ಅದೇ.

ಆಗ ರೊಕ್ಕ ಕೇಳಿದರೆ ಗುಂಡಪ್ಪ ಫೋನಿನಲ್ಲಿ "ನೋಡತೇನಿ" ಎಂದಷ್ಟೇ ಹೇಳಿದ್ದ. ಅಣ್ಣ ಖರ್ಚಿನ ಪಾಲು ಕೊಡದಿದ್ದರೆ ಜನ್ಮದಲ್ಲಿ ಅವನ ಹೊಸ್ತಿಲು ತುಳಿಯುವುದಿಲ್ಲವೆಂದು ನರಹರಿ ಅವ್ವನ ಮಂಚದ ಪಕ್ಕದಲ್ಲೇ ಕೂಗಾಡಿದ್ದ. ಅವ್ವ ಗೋಡೆಯತ್ತ ಮುಖ ಮಾಡಿ ಅತ್ತಿದ್ದಳು. ಎರಡು ದಿನ ಕಳೆದು ಪ್ರಭಾ ಬಂದು, "ನಿಮ್ಮ ಅಣ್ಣಾವರು ಕಳಿಸ್ಯಾರ. ನಾನ ಕಟ್ಟಿ ಬಂದೆ. ಅವರ ಮುಂದ ರೊಕ್ಕದ ಮಾತು ಎತ್ತಬ್ಯಾಡ್ರಿ, ಹಿರಿಯಾರಿಗೆ ಸಂಕೋಚ ಆಗತದ," ಎಂದಿದ್ದಳು. ಪ್ರತಿ ಗಂಟನ್ನೂ ತೂಗುವವನು ಅದೊಂದನ್ನು ಮಾತ್ರ ತೂಗದೆ ಒಳಗೆ ಬಿಟ್ಟುಕೊಂಡಿದ್ದ. ಅಣ್ಣನನ್ನು ಹೊಗಳಿ ಹೊಗಳಿ ಅವಳಿಗೇ ಉಣಬಡಿಸಿದ್ದ.

"ಹಾಗಾದರೆ ಅರ್ಧಕ್ಕೆ ಸೆಟಲ್ ಮಾಡಲೇ?" ಎಂದ ಪವನ್.

"ಬೇಡ. ಪೂರಾ ಕಟ್ಟುತ್ತೇನೆ. ಅವಳ ಹೆಸರಿನಲ್ಲಿ ಕಲೆ ಉಳಿಯಬಾರದು."

ಕಟ್ಟಿ, ಪತ್ರ ತೆಗೆದುಕೊಂಡು, ಡಬ್ಬಿಯನ್ನೂ ಹಿಡಿದು ಮನೆಗೆ ಬಂದಾಗ ಪ್ರಭಾ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನು ಪತ್ರವನ್ನು ಅವಳ ಪಕ್ಕದಲ್ಲಿಟ್ಟ. ಅವಳು ಓದಿದಳು, ಅವನ ಮುಖ ನೋಡಿದಳು, ಮತ್ತೆ ಬಟ್ಟೆಗೆ ಕೈಹಾಕಿದಳು.

"ನನಗ ಯಾಕ ಹೇಳಲಿಲ್ಲ?"

"ಅತ್ತಿಯವರು ಅಣ್ಣ-ತಮ್ಮ ಇಬ್ಬರನ್ನೂ ಹಡದಿದ್ದರಲ್ರಿ," ಎಂದಳು. ಮಡಚಿದ ಬಟ್ಟೆ ಒಟ್ಟಿ, "ಗಿರಿಗೆ ನೀವ ಫೋನ್ ಮಾಡಬೇಕು, ನಾ ಮಾಡೂದಿಲ್ಲ," ಎಂದಳು.

"ಮಾಡತೇನಿ."

ನರಹರಿ ಡಬ್ಬಿಯ ದಾರ ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಎಳೆದ.

"ಅದು ಗದಗಿಗೆ ಕಳಸೂದಲ್ಲೇನು?"

ಅವನು ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದ. ಪ್ರಭಾ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು, ಅವಸರವಿಲ್ಲದೆ ತಿಂದಳು.

"ಗಟ್ಟಿ ಏನೂ ಇಲ್ಲಲ್ಲ," ಎಂದಳು.