ಸುಜಾತಾ ಕೊಟ್ಟ ಹಸಿರು

ಸುಜಾತಾ ಹದಿನೇಳನೇ ಪ್ರಶ್ನೆಯಲ್ಲಿದ್ದಳು. ‘ಬಳಕೆದಾರರ ಮಾಹಿತಿಯನ್ನು ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಪುಟದಲ್ಲಿ ಬರೆದಿದೆಯೇ?’ ಬರೆದಿತ್ತು. ಹೌದು ಎಂದು ಒತ್ತಿದಳು. ಒಲೆಯ ಮೇಲೆ ಬೇಳೆ ಉಕ್ಕುವ ಸಪ್ಪಳ ಕೇಳಿ ಎದ್ದುಹೋಗಿ ಉರಿ ಸಣ್ಣ ಮಾಡಿ ಬಂದು ಹದಿನೆಂಟನೆಯದಕ್ಕೆ ಕೂತಳು.

ಕಲಬುರಗಿಯ ಬ್ರಹ್ಮಪುರದ ಈ ಮನೆಯ ಊಟದ ಮೇಜೇ ಅವಳ ಆಫೀಸು. ಕೆಲಸ, ಬ್ರೌಸರಿಗೆ ಜೋಡಿಸಿಕೊಳ್ಳುವ ಒಂದು ಎಕ್ಸ್‌ಟೆನ್ಶನ್ನಿನದು. ಯಾವ ವೆಬ್‌ಸೈಟು ತೆರೆದರೂ ಮೂಲೆಯಲ್ಲಿ ಒಂದು ಚುಕ್ಕಿ ತೋರಿಸುತ್ತದೆ. ಹಸಿರಾದರೆ ನಿಮ್ಮ ಗುಟ್ಟು ಅಲ್ಲಿ ಭದ್ರ, ಕೆಂಪಾದರೆ ಹುಷಾರು. ಚುಕ್ಕಿ ಹಾಕುವುದು ಮಷೀನು ಎಂದು ಜನ ತಿಳಿದಿದ್ದಾರೆ. ಹಾಕುವವರು ಸುಜಾತಾಳಂಥವರು. ಸೈಟಿನ ಗೌಪ್ಯತೆಯ ನಿಯಮಗಳನ್ನು ಓದಿ ಇಪ್ಪತ್ತೆರಡು ಪ್ರಶ್ನೆಗೆ ಹೌದು, ಇಲ್ಲ ಒತ್ತಬೇಕು. ಹದಿನೆಂಟು ಹೌದು ಬಂದರೆ ಹಸಿರು. ನಿಯಮಗಳ ಪುಟವೇ ಇಲ್ಲದಿದ್ದರೆ ಮುಂದೇನೂ ನೋಡುವಂತಿಲ್ಲ, ಸೀದಾ ಕೆಂಪು.

ಫೋನು ಬಂತು. ಕಮಲಾಪುರದಿಂದ ತಂಗಿ ಸಂಘಮಿತ್ರಾ.

“ಅಕ್ಕಾ, ಅವರು ಮತ್ತ ಫೋನ್ ಮಾಡ್ಯಾರ.” ದನಿ ಬಾವಿಯೊಳಗಿಂದ ಬಂದಂತಿತ್ತು. “ನನ್ನ ಹೆಸರ ಹೇಳಿ, ಫಿಟ್ಸಿನ ಗುಳಿಗಿ ಕಮ್ಮಿ ರೇಟಿಗೆ ಕೊಡ್ತೀವಿ ಅಂತಾರ. ಬೆಳಗಿಂದ ಮೂರನೇದು ಇದು.”

“ಯಾರ ಮುಂದ ಹೇಳಿದ್ದಿ?”

“ಯಾರ ಮುಂದೂ ಇಲ್ಲ. ಒಂದು ಸೈಟಿನಾಗ ಬರದು ಕೇಳಿದ್ದೆ, ಅಷ್ಟ. ಹಸಿರ ಇತ್ತು ಅಕ್ಕಾ. ಹಸಿರ ನೋಡಿ ಬರಿ ಅಂತ ನೀನೇ ಹೇಳಿದ್ದಿ.”

ಸೈಟಿನ ಹೆಸರು ಕೇಳಿ ಸುಜಾತಾ ತನ್ನ ಹಳೇ ಪಟ್ಟಿ ತೆಗೆದು ನೋಡಿದಳು. ಇಪ್ಪತ್ತೆರಡಕ್ಕೆ ಇಪ್ಪತ್ತು. ಹೋದ ತಿಂಗಳು ಇದೇ ಮೇಜಿನ ಮೇಲೆ ಆ ಹಸಿರು ಕೊಟ್ಟವಳು ತಾನೇ.

ಸಂಘಮಿತ್ರಾಗೆ ಹದಿನಾರನೇ ವಯಸ್ಸಿನಿಂದ ಮೂರ್ಛೆ. ದಿನಕ್ಕೊಂದು ಗುಳಿಗೆ ನುಂಗುತ್ತಿದ್ದುದರಿಂದ ಏಳು ವರ್ಷದಿಂದ ಅದು ಒಮ್ಮೆಯೂ ಬಂದಿರಲಿಲ್ಲ. ಹೇಳಿದರೆ ಯಾರು ಮಾಡಿಕೊಂಡಾರು ಎಂದು ತವರಿನವರೆಲ್ಲ ಬಾಯಿ ಹೊಲಿದುಕೊಂಡೇ ದಿಲೀಪನಿಗೆ ಕೊಟ್ಟು ಮದುವೆ ಮಾಡಿದ್ದರು. ಗುಳಿಗೆ ಒಯ್ದು ಮುಟ್ಟಿಸುವುದು ಸುಜಾತಾಳ ಪಾಲಿಗೆ ಬಂದಿತ್ತು. ಈಗ ತಂಗಿಗೆ ಐದು ತಿಂಗಳು. ದವಾಖಾನೆಗೆ ಅತ್ತೆ ಮಾನಮ್ಮ ಬೆನ್ನು ಬಿಡದೆ ಬರುತ್ತಾಳೆ. ಡಾಕ್ಟರ ಮುಂದೆ ಗುಳಿಗೆಯ ಮಾತೆತ್ತುವ ಹಾಗಿಲ್ಲ. ಅದಕ್ಕೇ ಸೈಟಿಗೆ ಬರೆದಿದ್ದಳು.

ಒಲೆ ಆರಿಸಿ ಸುಜಾತಾ ಕಮಲಾಪುರದ ಬಸ್ಸು ಹತ್ತಿದಳು.

ಮಾನಮ್ಮ ಪಡಸಾಲೆಯಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು ಮುಂದಿಟ್ಟುಕೊಂಡು ಕೂತಿದ್ದಳು. “ಬಾರವ್ವ, ಹೇಳದ ಕೇಳದ ಬಂದಿ! ನಿನ್ನ ತಂಗಿ ಮಾರಿ ನೋಡು, ನಾನೇ ಉಪಾಸ ಕೆಡವೀನಿ ಅನ್ನಂಗ ಮಾಡ್ಯಾಳ. ದಿನಾ ಎರಡು ಹಣ್ಣು ತಿನ್ನಸ್ತೀನಿ, ಎಲ್ಲಿ ಹೋಗ್ತಾವೋ.”

ಸಂಘಮಿತ್ರಾ ನಗಲಿಲ್ಲ. ಅವಳ ಕಣ್ಣು ಗೂಡಿನಲ್ಲಿ ಚಾರ್ಜಿಗಿಟ್ಟ ಫೋನಿನ ಮೇಲಿತ್ತು. ಅದು ಬಡಿದುಕೊಂಡಿತು. ಹತ್ತಿರವಿದ್ದ ಮಾನಮ್ಮ ಕೈ ಚಾಚಿ ಎತ್ತಿದಳು.

“ಹಾಂ, ಕೌನ್?” ಕೇಳಿಸಿಕೊಂಡಳು. “ಏನೋ ಗುಳಿಗಿ ಅಂತಾಳ. ಸಂಘಮಿತ್ರಾ ಅಂತ ನಿನ್ನ ಹೆಸರ ಹೇಳಾಕತ್ತಾಳಲ್ಲ?”

ಸುಜಾತಾ ಫೋನು ಕಸಿದುಕೊಂಡು ಕಟ್ ಮಾಡಿದಳು. “ರಾಂಗ್ ನಂಬರ್ ಇರಬೇಕ್ರಿ ಅತ್ತಿ.”

“ರಾಂಗ್ ನಂಬರಿನವರಿಗೆ ಹೆಸರ ಹ್ಯಾಂಗ ಗೊತ್ತಾಗ್ತದವ್ವ?” ನಗುತ್ತಲೇ ಕೇಳಿದಳು. ಆದರೆ ಹಣ್ಣು ಸುಲಿಯುತ್ತಿದ್ದ ಕೈ ನಿಂತಿತ್ತು.

“ಈಗ ಎಲ್ಲಾರ ಹೆಸರೂ ಎಲ್ಲಾ ಕಡೆ ಸಿಗ್ತಾವ್ರಿ,” ಎಂದಳು ಸುಜಾತಾ. ಅದೊಂದು ಮಾತು ಸುಳ್ಳಾಗಿರಲಿಲ್ಲ.

ಒಳಕೋಣೆಯಲ್ಲಿ ತಂಗಿ ಬಾಗಿಲು ಮುಂದೆ ಮಾಡಿ, ಪ್ಯಾಡಿನ ಪೊಟ್ಟಣದಲ್ಲಿ ಅಡಗಿಸಿಟ್ಟ ಗುಳಿಗೆಯ ಪಟ್ಟಿ ತೋರಿಸಿದಳು. “ಎರಡು ದಿನಾ ಆತು, ತಗೊಂಡಿಲ್ಲ. ಕೂಸಿಗೆ ಏನರ ಆದೀತು ಅಂತ ಅಂಜಿಕಿ. ಅತ್ತಿ ನೋಡ್ಯಾಳು ಅಂತನೂ ಅಂಜಿಕಿ.”

“ಆ ಸೈಟಿನವರು ಏನಂದ್ರು?”

“ಏನೂ ಇಲ್ಲ. ಹೆಸರು, ನಂಬರು, ರೋಗ ಬರಸ್ಕೊಂಡ್ರು. ಅದಕ್ಕಿಂತ ಮೊದಲ ಕಲಬುರಗಿ ಡಾಕ್ಟರ್ ಒಬ್ಬರದು ಸಿಕ್ಕಿತ್ತು, ಕನ್ನಡದಾಗ. ಕೆಂಪ ಇತ್ತು. ಅಂಜಿ ಮುಚ್ಚಿಬಿಟ್ಟೆ.”

ತಾನು ತಂದಿದ್ದ ಲ್ಯಾಪ್‌ಟಾಪಿನಲ್ಲಿ ಸುಜಾತಾ ಆ ಸೈಟು ತೆರೆದಳು. ಡಾಕ್ಟರ್ ಹಣಮಂತರಾಯರದು, ಒಂದೇ ಪುಟ. ಹೆಸರು ಕೇಳುವುದಿಲ್ಲ, ನಂಬರು ಕೇಳುವುದಿಲ್ಲ. ಏನೂ ಕೇಳದವರಿಗೆ ನಿಯಮಗಳ ಪುಟ ಯಾತಕ್ಕೆ? ಅದಿಲ್ಲವೆಂದೇ ಕೆಂಪು. ಆ ಕೆಂಪೂ ಅವಳದೇ. ಅರ್ಧ ನಿಮಿಷದ ಕೆಲಸವಾಗಿತ್ತು. ಪುಟದ ನಡುವೆ ದಪ್ಪ ಅಕ್ಷರದಲ್ಲಿತ್ತು: ‘ಗರ್ಭಿಣಿಯರು ಫಿಟ್ಸಿನ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಫೋನ್ ಮಾಡಿ ಕೇಳಿ.’

ತನ್ನ ಫೋನಿನಿಂದ ಕೇಳಿದಳು. ಗುಳಿಗೆಯ ಹೆಸರು ಕೇಳಿಕೊಂಡ ಡಾಕ್ಟರು, ಈಗಲೇ ಶುರು ಮಾಡಲಿ, ನಾಳೆಯೇ ಕರಕೊಂಡು ಬನ್ನಿ ಎಂದರು. ತಂಗಿ ಗುಳಿಗೆ ನುಂಗಿ ಲೋಟ ಕೆಳಗಿಡುವಾಗ ಸಪ್ಪಳವಾಯಿತು. ಇಬ್ಬರೂ ಬಾಗಿಲ ಕಡೆ ನೋಡಿದರು.

ನಾಳೆ ತವರೂಟಕ್ಕೆ ಕಳಿಸಿರೆಂದು ಮಾನಮ್ಮನನ್ನು ಒಪ್ಪಿಸಿ, ತಂಗಿಯ ಫೋನು ರಿಪೇರಿಗೆಂದು ಬ್ಯಾಗಿಗೆ ಹಾಕಿಕೊಂಡು ಸುಜಾತಾ ಹೊರಟಳು. ದಾರಿಯಲ್ಲಿ ಅದು ಬ್ಯಾಗಿನೊಳಗೆ ಎರಡು ಸಲ ನಡುಗಿತು. ಫೋನು ಬಂದ್ ಮಾಡಿಡಬಹುದು. ಆದರೆ ಗಂಡ ದಿಲೀಪನ ನಂಬರನ್ನೂ ಸೈಟಿನ ಫಾರಮಿನಲ್ಲಿ ಬರೆದಿದ್ದಾಳೆ ತಂಗಿ. ಎರಡನೇ ನಂಬರಿಲ್ಲದೆ ಫಾರಮು ಮುಂದೆ ಹೋಗುತ್ತಿರಲಿಲ್ಲವಂತೆ. ಬಸ್ಸಿನಿಂದಲೇ ಆಫೀಸಿನಲ್ಲಿ ತನ್ನ ಮೇಲಿನವಳಾದ ಅಂಬರೀನ್‌ಗೆ ಫೋನು ಹಚ್ಚಿದಳು.

“ಆ ಸೈಟು ಹೆಸರು ಮಾರ್ತದ್ರಿ ಮೇಡಂ. ಹಸಿರ ತಗೀಬೇಕು.”

“ಅರೇ ಸುಜಾತಾ, ನಮ್ಮ ಕೆಲಸ ಓದೋದು, ಜಾಸೂಸಿ ಮಾಡಿ ಪತ್ತೆ ಹಚ್ಚೋದಲ್ಲ. ಮಾರೋದಿಲ್ಲ ಅಂತ ಪುಟದಾಗ ಬರದದೋ ಇಲ್ಲೋ?”

“ಬರದದ.”

“ಮತ್ತ? ಸಬೂತ್ ಕೊಡು, ಪುರಾವೆ. ಯಾರ ಹೆಸರು, ಯಾವ ನಂಬರು, ಯಾವಾಗ ಬರದ್ರು, ಯಾವಾಗ ಫೋನ್ ಬಂತು. ಎಲ್ಲಾ ಆ ಸೈಟಿನವರಿಗೂ ತೋರಸ್ಬೇಕು, ಅವರ ಮಾತೂ ಕೇಳ್ಬೇಕು. ಇನ್ಸಾಫ್ ಅಂದ್ರ, ನ್ಯಾಯ ಅಂದ್ರ ಅದೇ ಅಲ್ಲೇನು? ಸಬೂತ್ ಪಕ್ಕಾ ಇದ್ರ ಹಸಿರೂ ತಗೀತೀವಿ, ನಂಬರೆಲ್ಲ ಅಳಿಸ್ರಿ ಅಂತ ನೋಟೀಸೂ ಕೊಡ್ತೀವಿ.”

“ನಾವು ಕೆಂಪ ಹಚ್ಚಿದ ಆ ಡಾಕ್ಟರ ಮಾತು ಕೇಳಿದ್ದೆವೇನ್ರಿ?”

“ಯಾವ ಡಾಕ್ಟರ್?” ಎಂದಳು ಅಂಬರೀನ್.

ಸಬೂತು ಬ್ಯಾಗಿನಲ್ಲೇ ಇತ್ತು. ಆದರೆ ಅದರ ಮೇಲೆ ತಂಗಿಯ ಹೆಸರಿತ್ತು.

ಮನೆಗೆ ಬಂದಾಗ ಸಂಜೆ ಆರು. ಮಗಳು ಯಶೋಧರಾ ಪಡಸಾಲೆಯಲ್ಲಿ ಓದುತ್ತಿದ್ದಳು, ಪಿಯುಸಿ ಎರಡನೇ ವರ್ಷ. ಇನ್ನು ನಾಲ್ಕೈದು ವರ್ಷಕ್ಕೆ ಯಾರೋ ನೋಡಲು ಬರುತ್ತಾರೆ. ತಾಯಿಗೆ ಏನಾದರೂ ರೋಗವಿತ್ತೇ ಎಂದು ನೆರೆಯವರನ್ನು ಕೇಳುತ್ತಾರೆ. ಸುಜಾತಾ ಅದನ್ನು ಪೂರ್ತಿ ಯೋಚಿಸಿದಳು. ಆಮೇಲೆ ತಂಗಿ ಬರೆದಿದ್ದ ಸೈಟು ತೆರೆದಳು. ಮೂಲೆಯಲ್ಲಿ ತನ್ನದೇ ಹಸಿರು.

ಹೆಸರು: ಸುಜಾತಾ. ನಂಬರು: ತನ್ನದು. ಎರಡನೆಯ ನಂಬರು: ಮೇಜಿನ ಖಾನೆಯಲ್ಲಿದ್ದ ಹಳೇ ಸಿಮ್ಮಿನದು. ರೋಗ: ಫಿಟ್ಸ್.

“ಮಮ್ಮಿ, ಬ್ಯಾಳಿ ಹಂಗ ಕೂತದಲ್ಲ. ಏನ್ ಬರ್ಯಾಕತ್ತಿ?”

“ಆಫೀಸಿಂದು. ಒಲಿ ಹಚ್ಚು, ಬಂದೆ.”

ನೋಟ್‌ಬುಕ್ಕಿನಲ್ಲಿ ‘ಸಬೂತು’ ಎಂದು ಬರೆದು, ಕೆಳಗೆ ತಾರೀಖು, ಪಕ್ಕದಲ್ಲಿ ಆರು ಗಂಟೆ ಹತ್ತು ನಿಮಿಷ ಎಂದು ಬರೆದು, ‘ಫೋನ್ ಬಂದದ್ದು’ ಎಂಬುದರ ಮುಂದೆ ಜಾಗ ಬಿಟ್ಟಳು. ಕಳಿಸು ಎಂಬಲ್ಲಿ ಒತ್ತಿದಳು. ಫೋನಿನ ದನಿ ಬಂದ್ ಮಾಡಿ, ನಡುಗಿದರೆ ಗೊತ್ತಾಗುವಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಒಗ್ಗರಣೆಗೆ ಬೆಳ್ಳುಳ್ಳಿ ಬಿಡಿಸತೊಡಗಿದಳು.