ಕಾಳ್ಯಾ ಕಲಿತ ಕಾಯ್ದೆ

ಶೇಖಮ್ಮನಿಗೆ ಫಿಟ್ಸ್ ಬರುವುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಮನೆಯ ನಾಯಿ ಕಾಳ್ಯಾನಿಗೆ. ಬೊಗಳಿ, ಲಂಗ ಕಚ್ಚಿ ಜಗ್ಗಿ, ಅವಳನ್ನು ನೆಲಕ್ಕೆ ಕೂಡಿಸಿಬಿಡುತ್ತಿತ್ತು. ಅದರ ಧೈರ್ಯದ ಮೇಲೆ ತಾಯಿ ಮಾನಮ್ಮ ಮಗಳನ್ನು ಕಾಲುವೆಯ ದಂಡೆ ಹಿಡಿದು ಶಾಲೆಗೆ ಕಳಿಸಿ, ತಾನು ಭತ್ತದ ನಾಟಿಗೆ ಹೋಗುತ್ತಿದ್ದಳು. ಭೀಮರಾಯನಗುಡಿ ಕಡೆಯಿಂದ ಕಾಲುವೆಗೆ ನೀರು ಬಂದಮೇಲೆ ಊರಿಗೆ ಕೂಲಿ ಬಂದಿತ್ತು. ಅವಳಿಗೆ ಮಾತ್ರ ಅದರ ಜೊತೆ ಭಯವೂ ಬಂದಿತ್ತು.

ಆ ಮಳೆಗಾಲ ಬೀದಿನಾಯಿಯೊಂದು ಎರಡನೇ ಇಯತ್ತೆಯ ಹುಡುಗನನ್ನು ಕಚ್ಚಿತು. ಹೆಡ್‌ಮಾಸ್ತರ ಅಮರಪ್ಪ ಗೇಟಿನ ಮೇಲೆ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂದು ಬರೆಸಿದರು. ನಾಯಿಗಳಿಗೆ ಓದಲು ಬರುತ್ತದೆಂದು ಅವರಿಗೆ ಯಾರು ಹೇಳಿದ್ದರೋ!

ಮಾನಮ್ಮ ಕೆಲಸ ಬಿಟ್ಟು ಓಡಿಬಂದಳು.

“ಸರ, ಇದು ಕಚ್ಚೂ ನಾಯಿ ಅಲ್ರಿ. ಫಿಟ್ಸ್ ಬರೂಕಿಂತ ಮೊದ್ಲ ಬೊಗಳಿ ಹೇಳ್ತದರಿ.”

“ಹಂಗಾದ್ರ ಡಾಕ್ಟರ್ ಯಾಕಬೇಕು? ಎಲ್ಲಾರೂ ನಾಯಿ ಸಾಕ್ರಿ! ಕಾಯ್ದೆ ಅಂದ್ರ ಕಾಯ್ದೆ.”

ಅವತ್ತೇ ಜವಾನ ಮೌನಪ್ಪನ ಕೈಗೆ ಬಡಿಗೆ ಬಂತು. ಕಾಳ್ಯಾ ಗೇಟು ದಾಟಿದಾಗಲೆಲ್ಲ ಬೆನ್ನ ಮೇಲೆ ಏಟು. ಕೆಲವೇ ದಿನಗಳಲ್ಲಿ ಅದು ಕಲಿತುಬಿಟ್ಟಿತು. ಶೇಖಮ್ಮ ಒಳಗೆ ಹೋದರೆ ತಾನು ಹೊರಗಿನ ಜಾಲಿಗಿಡದ ಕೆಳಗೆ, ಅವಳು ಕೂಡುವ ಕಿಟಕಿಯನ್ನೇ ನೋಡುತ್ತ ಮಲಗುತ್ತಿತ್ತು.

ಒಂದು ದಿನ ಲೆಕ್ಕದ ಪಾಠದ ನಡುವೆ ಅದು ಬೊಗಳತೊಡಗಿತು. ನಿಲ್ಲಿಸಲೇ ಇಲ್ಲ.

ಶೇಖಮ್ಮ ಎದ್ದು ನಿಂತಳು. “ಸರ, ನನಗ ಫಿಟ್ಸ್ ಬರ್ತಾವ್ರಿ. ಕಾಳ್ಯಾ ಹೇಳಾಕತ್ತದ.”

“ನೆಟ್ಟಗ ನಿಂತೀಯಲ್ಲ, ಏನ್ ಫಿಟ್ಸ್?” ಅಮರಪ್ಪ ರೇಗಿದರು. “ಹೋಗು, ಮೊದ್ಲ ಆ ನಾಯಿನ್ನ ಮನಿಗಿ ಬಿಟ್ಟು ಬಾ.”

ತುಂಬಿದ ಕಾಲುವೆಯ ದಂಡೆಯ ಮೇಲೆ, ಒಬ್ಬಳನ್ನೇ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಸ್ವಲ್ಪ ಹೊತ್ತಿಗೆ ಕಾಳ್ಯಾ ಒಂದೇ ಓಡಿಬಂತು. ಮೈಯೆಲ್ಲ ತೊಯ್ದಿತ್ತು. ಬಾಯಲ್ಲಿದ್ದ ನೀಲಿ ಬಟ್ಟೆಯ ಚೂರನ್ನು ನೆಲಕ್ಕೆ ಬಿಟ್ಟು ಬೊಗಳಿತು. ಗೇಟು ತೆರೆದೇ ಇತ್ತು. ಅದು ಒಳಗೆ ಕಾಲಿಡಲಿಲ್ಲ.

“ಮತ್ತ ಬಂತು ನೋಡ್ರಿ,” ಎಂದು ಮೌನಪ್ಪ ದೂರದಿಂದಲೇ ಬಡಿಗೆ ಎತ್ತಿ ತೋರಿಸಿದ. ಊಟದ ಗಂಟೆ ಹೊಡೆದು ಹೊರಗೆ ಬಂದಾಗಲೇ ಅವನಿಗೆ ಆ ಲಂಗದ ಚೂರು ಕಂಡದ್ದು. ಅಷ್ಟರಲ್ಲಿ ನಾಯಿಯ ಗಂಟಲು ಬಿದ್ದುಹೋಗಿತ್ತು.

ಸಂಜೆ ಕಾಲುವೆಯಿಂದ ಹೆಣ ತೆಗೆದರು. ಮಾನಮ್ಮ ಎದೆ ಬಡಿದುಕೊಂಡು ನಾಯಿಯನ್ನೇ ಕೇಳಿದಳು: “ಒಳಗ ಯಾಕ ಹೋಗಲಿಲ್ಲೋ ಕಾಳ್ಯಾ? ಹೋಗಿ ಯಾರನ್ನರ ಎಳಕೊಂಡು ಬರಬೇಕಿತ್ತಲ್ಲೋ!”

ಮೌನಪ್ಪ ಅಲ್ಲೇ ಇದ್ದ. ಅವನು ಒಂದು ಹೆಜ್ಜೆ ಮುಂದೆ ಬಂದ. ಕಾಳ್ಯಾ ಬಾಲ ಮುದುರಿಕೊಂಡು ಹಿಂದೆ ಸರಿಯಿತು.